ಎಲ್‌ಇಡಿ ಉರೀತಿದೆ ಆದ್ರೆ ಮಿಣುಕ್ತಿಲ್ಲ, ಐಸಿ ಹೋಯ್ತಾ?

ಪ್ರಶ್ನೆ: ಮಗಳ ಸ್ಕೂಲ್ ಎಕ್ಸಿಬಿಷನ್‌ಗೆ ಅಂತ 555 ಐಸಿ (ಎಂಟು ಕಾಲಿನ ಟೈಮರ್ ಚಿಪ್) ಇರೋ ಎಲ್‌ಇಡಿ ಫ್ಲ್ಯಾಷರ್ ಕಿಟ್ ತಂದು ಇಬ್ರೂ ಕೂತು ಜೋಡಿಸಿದ್ವಿ. ಚೀಟಿಲಿ ಇರೋ ಹಾಗೇ ಸೋಲ್ಡರ್ ಮಾಡಿದೀವಿ. ಬ್ಯಾಟರಿ ಹಾಕಿದ್ರೆ ಎಲ್‌ಇಡಿ ಒಂದೇ ಸಮ ಉರೀತಾ ಇರತ್ತೆ, ಮಿಣುಕೋದೇ ಇಲ್ಲ. ಬಿಸಿಗೆ ಐಸಿ ಸುಟ್ಟೋಗಿರತ್ತಾ ಸರ್, ಬೇರೆ ತರಬೇಕಾ?

ಉತ್ತರ: ಈಗ್ಲೇ ತರಬೇಡಿ. ಎಲ್‌ಇಡಿ ಉರೀತಿದೆ ಅಂದ್ರೆ ಐಸಿಗೆ ಕರೆಂಟ್ ಹೋಗ್ತಿದೆ, 3ನೇ ಕಾಲಿಂದ ಹೊರಗೂ ಬರ್ತಿದೆ, ಅಂದ್ರೆ ಐಸಿ ಬದುಕಿರೋ ಸಾಧ್ಯತೆನೇ ಜಾಸ್ತಿ. ಈ 555 ಭಾರಿ ಗಟ್ಟಿ ಐಸಿ. ಹಾನ್ಸ್ ಕಾಮೆನ್‌ಜಿಂಡ್ ಅನ್ನೋರು 1971ರಲ್ಲಿ ಅಮೆರಿಕದ ಸಿಗ್ನೆಟಿಕ್ಸ್ ಕಂಪನಿಗೆ ಡಿಸೈನ್ ಮಾಡಿಕೊಟ್ಟಿದ್ದು, 1972ಕ್ಕೆ ಮಾರ್ಕೆಟ್‌ಗೆ ಬಂತು, ಇವತ್ತಿಗೂ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಯಾವ ಅಂಗಡಿಗೆ ಹೋಗಿ 555 ಅಂದ್ರೂ ಕೊಡ್ತಾರೆ. ನೂರಕ್ಕೆ ತೊಂಬತ್ತು ಸಲ ತಪ್ಪು ಇರೋದು ಐಸಿಲಲ್ಲ, ಸೋಲ್ಡರ್‌ನಲ್ಲಿ. ಇದು ಲೆಕ್ಕ ಹಾಕಿ ಹೇಳಿದ್ದಲ್ಲ, ಇಷ್ಟು ವರ್ಷ ಬೋರ್ಡ್ ನೋಡಿ ನೋಡಿ ಅನ್ಸಿದ್ದು.

ಸರ್ಕ್ಯೂಟ್ ಹೇಗೆ ಕೆಲಸ ಮಾಡತ್ತೆ ಅಂತ ಒಂದ್ಸಲ ತಲೆಗೆ ಹೋದ್ರೆ ತಪ್ಪು ಎಲ್ಲಿದೆ ಅಂತ ಎಲ್‌ಇಡಿನೇ ಹೇಳಿಬಿಡತ್ತೆ. ಕೆಪಾಸಿಟರ್‌ನ ಒಂದು ಕೊಡ ಅಂದ್ಕೊಳಿ. ಎರಡು ರೆಸಿಸ್ಟರ್ ಮೂಲಕ ನಿಧಾನಕ್ಕೆ ತುಂಬ್ತಾ ಹೋಗತ್ತೆ, ಆಗ ಎಲ್‌ಇಡಿ ಉರೀತಿರತ್ತೆ. ಬ್ಯಾಟರಿಯ ಮೂರನೇ ಎರಡು ಪಾಲು, ಅಂದ್ರೆ 9 ವೋಲ್ಟ್‌ಗೆ 6 ವೋಲ್ಟ್ ತುಂಬಿದ ತಕ್ಷಣ 6ನೇ ಕಾಲಿಗೆ ಗೊತ್ತಾಗಿ ಎಲ್‌ಇಡಿ ಆರತ್ತೆ, 7ನೇ ಕಾಲು ತೂಬು ತೆಗೆದಂಗೆ ಕೊಡ ಖಾಲಿ ಮಾಡೋಕೆ ಶುರು ಮಾಡತ್ತೆ. 3 ವೋಲ್ಟ್‌ಗೆ ಇಳಿದಾಗ 2ನೇ ಕಾಲು ನೋಡಿ ಮತ್ತೆ ತುಂಬೋಕೆ ಬಿಡತ್ತೆ. ನಿಮ್ಮ ಕಿಟ್ಟಲ್ಲಿ 10 ಕಿಲೋ ಓಮ್, 68 ಕಿಲೋ ಓಮ್ ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ರೆ ಸುಮಾರು ಅರ್ಧ ಸೆಕೆಂಡ್ ಉರಿದು ಅರ್ಧ ಸೆಕೆಂಡ್ ಆರಬೇಕು.

ಈಗ ಕೆಪಾಸಿಟರ್‌ನ ಒಂದು ಕಾಲು ಸರಿಯಾಗಿ ಹಿಡ್ಕೊಂಡಿಲ್ಲ ಅನ್ಕೊಳಿ. ಕೊಡನೇ ಇಲ್ಲ, ತುಂಬೋದು ಖಾಲಿಯಾಗೋದು ಸೆಕೆಂಡಿಗೆ ಸಾವಿರಾರು ಸಲ ಆಗೋಗತ್ತೆ. ಎಲ್‌ಇಡಿ ಮಿಣುಕ್ತಾನೇ ಇದೆ, ನಮ್ಮ ಕಣ್ಣಿಗೆ ಕಾಣಲ್ಲ ಅಷ್ಟೇ, ಒಂದೇ ಸಮ ಉರಿದಂಗೆ ಕಾಣತ್ತೆ! ನನ್ನ ಮೊದಲ್ನೇ ಕಿಟ್ಟಲ್ಲಿ ಆಗಿದ್ದು ಇದೇ, ಎರಡು ಐಸಿ ಬದಲಾಯಿಸಿದ ಮೇಲೆ ಗೊತ್ತಾಯ್ತು, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಹಾಗಾಗಿ ಒಂದು ಊದುಬತ್ತಿ ಕಡ್ಡಿ ತಗೊಂಡು ಕೆಪಾಸಿಟರ್‌ನ ಆ ಕಡೆ ಈ ಕಡೆ ಮೆಲ್ಲಗೆ ಒತ್ತಿ ನೋಡಿ, ಒತ್ತಿದಾಗ ಮಿಣುಕಿದ್ರೆ ಕಳ್ಳ ಸಿಕ್ಕಿದ. ಮಲ್ಟಿಮೀಟರ್ ಇದ್ರೆ ಇನ್ನೂ ಸುಲಭ, 3ನೇ ಕಾಲಿಗೂ ಬ್ಯಾಟರಿ ಮೈನಸ್‌ಗೂ ಇಟ್ಟು ಡಿಸಿ ವೋಲ್ಟ್ ನೋಡಿ. 4 ವೋಲ್ಟ್ ಆಸುಪಾಸು ತೋರ್ಸಿದ್ರೆ ಜೋರಾಗಿ ಮಿಣುಕ್ತಿದೆ ಅಂತ ಅರ್ಥ, ಕೆಪಾಸಿಟರ್ ಜಾಯಿಂಟ್ ನೋಡಿ. ಏಳೂವರೆ ಹತ್ರ ಇದ್ರೆ ನಿಜವಾಗ್ಲೂ ಒಂದೇ ಕಡೆ ನಿಂತಿದೆ, ಆಗ ಕೆಪಾಸಿಟರ್ ಉಲ್ಟಾ ಹಾಕಿರ್ಬೋದು, ಅದರ ಮೈಮೇಲೆ ಪಟ್ಟಿ ಇರೋ ಕಡೆ ಮೈನಸ್. ಉಲ್ಟಾ ಇದ್ದದ್ದನ್ನ ತಿರುಗಿಸೋ ಬದಲು ಹೊಸದೇ ಹಾಕಿ, ಒಂದ್ಸಲ ಉಲ್ಟಾ ಕರೆಂಟ್ ಕುಡಿದದ್ದನ್ನ ನಾನು ನಂಬಲ್ಲ.

ಇದೇ ಥರ, ಬ್ಯಾಟರಿ ಹಾಕಿದಾಗ ಒಂದ್ಸಲ ಹೊತ್ತಿ ಆಮೇಲೆ ಆರಿದ್ದು ಆರೇ ಹೋದ್ರೆ 7ನೇ ಕಾಲಿನ ಸೋಲ್ಡರ್ ನೋಡಿ, ತೂಬು ತೆರೀತಿಲ್ಲ. ತುಂಬಾ ಮಂದವಾಗಿ ಪಟಪಟ ಅಂತಿದ್ರೆ 68 ಕಿಲೋ ಜಾಗಕ್ಕೆ ಎಲ್‌ಇಡಿ ಜೊತೆಗಿರೋ 470 ಓಮ್ ರೆಸಿಸ್ಟರ್ ಹೋಗಿದೆ, ಎರಡೂ ಅದಲು ಬದಲಾಗಿವೆ. ರೆಸಿಸ್ಟರ್ ಮೈಮೇಲಿನ ಬಣ್ಣದ ಪಟ್ಟಿ ನೋಡಿ, 68 ಕಿಲೋದ್ದು ನೀಲಿ ಬೂದು ಕಿತ್ತಳೆ, 470ದು ಹಳದಿ ನೇರಳೆ ಕಂದು. ಸಂಜೆ ಟ್ಯೂಬ್‌ಲೈಟಲ್ಲಿ ಈ ಬಣ್ಣ ನಂಬಬೇಡಿ, ಹಾಕೋ ಮುಂಚೆನೇ ಮೀಟರಲ್ಲಿ ಅಳೀರಿ.

ಜಾಯಿಂಟ್ ಒಳ್ಳೇದಾ ಕೆಟ್ಟದ್ದಾ ಅಂತ ಹೇಗೆ ಗೊತ್ತಾಗತ್ತೆ ಅಂದ್ರೆ, ಕೆಸುವಿನ ಎಲೆ ಮೇಲೆ ನೀರಿನ ಹನಿ ಕೂತಿರತ್ತಲ್ಲ, ಗುಂಡಗೆ, ಎಲೆಗೆ ಅಂಟದೆ, ಸೋಲ್ಡರ್ ಹಾಗಿದ್ರೆ ಅದು ಹಿಡಿದಿಲ್ಲ. ಸರಿಯಾದ್ದು ಕಾಲಿನ ಸುತ್ತ ಹರಡಿ ಬೋರ್ಡ್ ಕಡೆಗೆ ಇಳಿಜಾರಾಗಿ ಇಳಿದಿರತ್ತೆ, ಹೊಳೀತಿರತ್ತೆ. ಎಲ್ರೂ ಮಾಡೋ ತಪ್ಪು ಒಂದೇ, ಐರನ್ ತುದಿಲಿ ಸೋಲ್ಡರ್ ಕರಗಿಸ್ಕೊಂಡು ಹೋಗಿ ಬಳಿಯೋದು. ಹಾಗೆ ಮಾಡಬೇಡಿ. 25 ವ್ಯಾಟ್ ಐರನ್ ತುದಿನ ಕಾಲಿಗೂ ಬೋರ್ಡಿನ ತಾಮ್ರಕ್ಕೂ ಒಟ್ಟಿಗೆ ತಾಗೋ ಹಾಗೆ ಎರಡು ಮೂರು ಸೆಕೆಂಡ್ ಇಡಿ, ಆಮೇಲೆ ಇನ್ನೊಂದು ಕಡೆಯಿಂದ ಸೋಲ್ಡರ್ ವೈರ್ ತಾಗ್ಸಿ, ತಾನಾಗೇ ಹರಿಯತ್ತೆ. ಕೆಪಾಸಿಟರ್ ಕಾಲು ಕಪ್ಪಾಗಿದ್ರೆ ಬ್ಲೇಡಲ್ಲಿ ಕೆರೀರಿ, ಕೊಳೆ ಮೇಲೆ ಸೋಲ್ಡರ್ ಹಿಡಿಯಲ್ಲ. ಮಗಳು ಜೊತೆಲಿದಾಳೆ ಅಂದ್ರಿ, ಕಿಟಕಿ ತೆಗೆದಿಡಿ, ಸೋಲ್ಡರಲ್ಲಿ ಸಾಮಾನ್ಯವಾಗಿ ಸೀಸ ಇರತ್ತೆ ಹಾಗಾಗಿ ತಿಂಡಿಗೆ ಕೂರೋ ಮುಂಚೆ ಇಬ್ರೂ ಸೋಪ್ ಹಾಕಿ ಕೈ ತೊಳೀರಿ.

ಐಸಿ ಮೇಲೆ ಅನುಮಾನ ಪಡಬೇಕಾದ್ದು ಯಾವಾಗ ಅಂದ್ರೆ, ಬ್ಯಾಟರಿ ಉಲ್ಟಾ ಕೊಟ್ಟಿದ್ರೆ, ಅಥವಾ ಬೆರಳಿಟ್ರೆ ಸುಡೋ ಅಷ್ಟು ಬಿಸಿ ಆಗ್ತಿದ್ರೆ. ಆಗ ಎಂಟೂ ಕಾಲು ಕಟ್ಟರಲ್ಲಿ ಕತ್ತರಿಸಿ ಒಂದೊಂದೇ ಕಾಲು ಬಿಡಿಸ್ಕೊಳಿ, ಪೂರ್ತಿ ಐಸಿ ಎಳೆಯೋಕೆ ಹೋದ್ರೆ ಬೋರ್ಡಿನ ತಾಮ್ರನೇ ಎದ್ದು ಬರತ್ತೆ. ಆ ಜಾಗಕ್ಕೆ ಎಂಟು ಕಾಲಿನ ಸಾಕೆಟ್ ಸೋಲ್ಡರ್ ಮಾಡಿ, ಅದು ತಣ್ಣಗಾದ ಮೇಲೆ ಹೊಸ ಐಸಿಯ ತುದಿಲಿರೋ ಕಚ್ಚು ಸಾಕೆಟ್‌ನ ಕಚ್ಚಿನ ಕಡೆಗೇ ಬರೋ ಹಾಗೆ ನೋಡಿ ಒತ್ತಿ.