ಎಷ್ಟು ಸೀಟು ಎಂದು ಕೇಳುವ ಮೊದಲು

ಕಣ್ಣೂರಿನಲ್ಲಿ ಫುಟ್ಬಾಲ್ ಮ್ಯಾಚ್ ನೋಡಿ ಬಂದ ಮರುದಿನ ಅಕ್ಕನ ಮಗ ಮೂವರು ಗೆಳೆಯರನ್ನು ಕಟ್ಟಿಕೊಂಡು ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಗೆ ಬಂದ. ನಾಲ್ಕು ಹಾಳೆ ಸೇರಿಸಿ ಅಂಟಿಸಿದ ಒಂದು ನಕ್ಷೆಯನ್ನು ಜಗಲಿಯಲ್ಲಿ ಹರಡಿದರು. ನಮ್ಮ ಜಿಲ್ಲೆಗೆ ಇಂಥದ್ದೊಂದು ಸ್ಟೇಡಿಯಂ ಬೇಕು ಎಂದು ಅವರೇ ಬಿಡಿಸಿದ್ದು. ಸುತ್ತ ಗ್ಯಾಲರಿ, ಮೇಲೆ ಮಾಡು (ಛಾವಣಿ), ನಾಲ್ಕು ಮೂಲೆಗೆ ದೀಪದ ಕಂಬ.

"ಮಾವ, ಇದರಲ್ಲಿ ಹದಿನೈದು ಸಾವಿರ ಜನ ಹಿಡಿಯಬಹುದಾ?" ಎಂದು ಅಳಿಯ ಕೇಳಿದ.

ನಾನು ಸ್ಟ್ರಕ್ಚರಲ್ ಎಂಜಿನಿಯರ್. ಗಲ್ಫ್‌ನಲ್ಲಿದ್ದಾಗಲೂ ಊರಿಗೆ ಬಂದ ಮೇಲೂ ಗ್ಯಾಲರಿಗಳ ಲೆಕ್ಕ ಮಾಡಿದ್ದೇನೆ. ಎಲ್ಲ ಕಡೆಯೂ ಮೊದಲ ಪ್ರಶ್ನೆ ಇದೇ: ಎಷ್ಟು ಸೀಟು? ಅಭಿಮಾನಿಗಳ ಆಸೆ ನನಗೆ ಅರ್ಥವಾಗುತ್ತದೆ. ತೃಕ್ಕರಿಪುರದ ಮಹಮ್ಮದ್ ರಫಿ 2016ರ ಇಂಡಿಯನ್ ಸೂಪರ್ ಲೀಗ್ ಫೈನಲ್‌ನಲ್ಲಿ ಕೊಚ್ಚಿಯ ಕಲೂರು ಸ್ಟೇಡಿಯಂನಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ ತಲೆಯಿಂದ ಗೋಲು ಹೊಡೆದಾಗ ಈ ಜಿಲ್ಲೆಯವರು ಎಷ್ಟು ಮಂದಿ ಅತ್ತಿದ್ದಾರೋ. ಅಂಥ ಆಟಗಾರರನ್ನು ಕೊಟ್ಟ ಜಿಲ್ಲೆಯವರು ದೊಡ್ಡ ಪಂದ್ಯ ನೋಡಲು ರೈಲು ಹತ್ತಿ ತೆಂಕಲಾಗಿ ಹೋಗಬೇಕು. ಸೂಪರ್ ಲೀಗ್ ಕೇರಳ ಶುರುವಾದ 2024ರಲ್ಲಿ ಕಣ್ಣೂರು ವಾರಿಯರ್ಸ್ ತನ್ನ 'ಮನೆಯ' ಪಂದ್ಯಗಳನ್ನು ಆಡಿದ್ದು ಕೋಝಿಕ್ಕೋಡಿನಲ್ಲಿ. ಮರುವರ್ಷ ಕಣ್ಣೂರಿನ ಜವಾಹರ್ ಸ್ಟೇಡಿಯಂಗೆ ಬಂದಿತು. ಕಾಸರಗೋಡಿನಿಂದ ರೈಲಿನಲ್ಲಿ ಒಂದೂವರೆ ಗಂಟೆಯ ದಾರಿಯಾಯಿತು. ಅಷ್ಟಕ್ಕೇ ಈ ಹುಡುಗರಿಗೆ ಎಷ್ಟು ಹುರುಪು ಬಂದಿತ್ತೆಂದರೆ ನಕ್ಷೆ ಬಿಡಿಸದೆ ಇರಲಾಗಲಿಲ್ಲ.

ಆದರೂ ಸೀಟಿನ ಸಂಖ್ಯೆ ಕೊನೆಗೆ ಬರಬೇಕಾದ ಪ್ರಶ್ನೆ. ಅದನ್ನು ಮೊದಲು ಹಿಡಿದರೆ ಉಳಿದದ್ದೆಲ್ಲ ಅದಕ್ಕೆ ಬಲಿಯಾಗುತ್ತದೆ.

ನೋಟದಿಂದ ಶುರುಮಾಡೋಣ. ಬಯಲಾಟಕ್ಕೆ ಹೋದವರಿಗೆ ಇದು ಗೊತ್ತೇ ಇದೆ. ರಂಗಸ್ಥಳದ ಮುಂದೆ ಚಾಪೆಯಲ್ಲಿ ಕುಳಿತವರು, ಅವರ ಹಿಂದೆ ಕುರ್ಚಿ, ಕುರ್ಚಿಯ ಹಿಂದೆ ನಿಂತವರು, ಇನ್ನೂ ಹಿಂದೆ ಗದ್ದೆಯ ಬದುವಿನ ಮೇಲೆ ನಿಂತವರು. ಯಾರೂ ಹೇಳಿಕೊಡದಿದ್ದರೂ ಪ್ರತಿಯೊಬ್ಬರ ಕಣ್ಣೂ ಮುಂದಿನವರ ತಲೆಯ ಮೇಲಿನಿಂದ ವೇಷದ ಕಾಲಿನವರೆಗೆ ತಲುಪುತ್ತದೆ. ಗ್ಯಾಲರಿಯಲ್ಲಿ ಇದನ್ನೇ ನಾವು ಮಿಲಿಮೀಟರಿನಲ್ಲಿ ಅಳೆಯುತ್ತೇವೆ. ನಿಮ್ಮ ಕಣ್ಣಿನಿಂದ ಹತ್ತಿರದ ಟಚ್‌ಲೈನಿಗೆ, ಅಂದರೆ ಮೈದಾನದ ಉದ್ದದ ಅಂಚಿನ ಗೆರೆಗೆ, ಒಂದು ದಾರ ಎಳೆದರೆ ಅದು ಮುಂದಿನ ಸಾಲಿನವನ ಕಣ್ಣಿಗಿಂತ ಎಷ್ಟು ಮೇಲಿನಿಂದ ಹಾದುಹೋಗುತ್ತದೆ? 90 ಮಿಲಿಮೀಟರ್ ಇದ್ದರೆ ಚೆನ್ನ. 60 ಇದ್ದರೆ ಕತ್ತು ಆಚೆ ಈಚೆ ವಾಲಿಸಿಕೊಂಡು ನೋಡಬಹುದು. ಅದಕ್ಕಿಂತ ಕಡಿಮೆಯಾದರೆ ಕಾರ್ನರ್ ಕಿಕ್ಕಿಗೆಲ್ಲ ಎದ್ದು ನಿಲ್ಲಬೇಕು. ಒಬ್ಬ ಎದ್ದರೆ ಹಿಂದಿನವರೆಲ್ಲ ಏಳಬೇಕು.

ಎಲ್ಲ ಸಾಲಿಗೂ ಈ 90 ಸಿಗಬೇಕಾದರೆ ಮೆಟ್ಟಿಲುಗಳು ಒಂದೇ ಎತ್ತರದಲ್ಲಿ ಇರಲಾಗದು. ಮೇಲೆ ಹೋದ ಹಾಗೆ ಎತ್ತರ ಹೆಚ್ಚಬೇಕು. ಒಳ್ಳೆಯ ಸ್ಟೇಡಿಯಂ ಬೋಗುಣಿಯ ಹಾಗೆ ಬಾಗಿರುವುದು ಈ ಕಾರಣಕ್ಕೆ. ಮೊದಲ ಸಾಲು ಮೈದಾನಕ್ಕೆ ಹತ್ತಿರವಾದಷ್ಟೂ ಗ್ಯಾಲರಿ ಕಡಿದಾಗುತ್ತದೆ. 34 ಡಿಗ್ರಿಗಿಂತ ಕಡಿದು ಮಾಡುವಂತಿಲ್ಲ, ಇಳಿಯುವವರಿಗೆ ತಲೆ ತಿರುಗುತ್ತದೆ. ಸಮೀಪ ಬೇಕು, ನೋಟ ಬೇಕು, ಇಳಿಜಾರು ಮಿತಿಯಲ್ಲಿರಬೇಕು. ಈ ಮೂರರ ಎಳೆದಾಟದಲ್ಲಿ ಎಷ್ಟು ಸಾಲು ಉಳಿಯುತ್ತದೋ ಅಷ್ಟೇ ನಿಜವಾದ ಸೀಟು.

ಹುಡುಗರ ನಕ್ಷೆಯಲ್ಲಿ ಮೈದಾನದ ಸುತ್ತ 400 ಮೀಟರಿನ ಓಟದ ಟ್ರ್ಯಾಕ್ ಇತ್ತು. ನಾನು ಅಲ್ಲೇ ಲೆಕ್ಕ ಹಾಕಿ ತೋರಿಸಿದೆ. 105ಕ್ಕೆ 68 ಮೀಟರಿನ ಫುಟ್ಬಾಲ್ ಮೈದಾನ, ಸುತ್ತ ಎಂಟು ಲೇನ್. ಉದ್ದದ ಬದಿಯಲ್ಲಿ ಟಚ್‌ಲೈನಿನಿಂದ ಟ್ರ್ಯಾಕಿನ ಹೊರ ಅಂಚಿಗೆ ಸುಮಾರು 12 ಮೀಟರ್. ಪರವಾಗಿಲ್ಲ. ಗೋಲಿನ ಹಿಂದೆ ಅದೇ ದೂರ 36 ಮೀಟರ್. ಮೊದಲ ಸಾಲೇ ಅಲ್ಲಿಂದ ಆಚೆ. ಲಂಡನ್ನಿನ ವೆಸ್ಟ್ ಹ್ಯಾಮ್ 2016ರಲ್ಲಿ ತನ್ನ ಹಳೆಯ ಇಕ್ಕಟ್ಟಿನ ಮೈದಾನ ಬಿಟ್ಟು ಒಲಿಂಪಿಕ್ಸ್‌ಗೆಂದು ಕಟ್ಟಿದ ಸ್ಟೇಡಿಯಂಗೆ ಹೋಯಿತು. ಸೀಟು ಹೆಚ್ಚಾಯಿತು, ಆಟ ದೂರವಾಯಿತು. ಅಲ್ಲಿನ ಅಭಿಮಾನಿಗಳ ಕೊರಗು ಇನ್ನೂ ನಿಂತಿಲ್ಲ.

ಹಾಗೆಂದು ಟ್ರ್ಯಾಕ್ ಕಿತ್ತುಹಾಕಿ ಎಂದು ನಾನು ಹೇಳುವುದಿಲ್ಲ. ಜಿಲ್ಲೆಗೆ ಒಂದೋ ಎರಡೋ ದೊಡ್ಡ ಮೈದಾನ ಇರುವ ಕಡೆ ಶಾಲೆಯ ಮಕ್ಕಳು ಓಡುವುದೆಲ್ಲಿ? ಟ್ರ್ಯಾಕ್ ಇರಲಿ. ಆದರೆ ಗೋಲಿನ ಹಿಂದೆ ಗ್ಯಾಲರಿ ಕಟ್ಟಲು ಒಂದು ರೂಪಾಯಿಯನ್ನೂ ಸುರಿಯಬೇಡಿ. ಉದ್ದದ ಎರಡು ಬದಿಗೆ ಮಾತ್ರ ಒಳ್ಳೆಯದಾಗಿ ಕಟ್ಟಿ. ಅದರಲ್ಲೂ ಮೊದಲು ಪಡುವಣ ಬದಿಗೆ. ಸಂಜೆ ನಾಲ್ಕರ ಬಿಸಿಲು ಬೆನ್ನಿಗೆ ಬೀಳಬೇಕು, ಕಣ್ಣಿಗಲ್ಲ.

ಇನ್ನು ಹೊರಗೆ ಹೋಗುವ ದಾರಿ. ನಾನು ಅತಿ ಹೆಚ್ಚು ಹೊತ್ತು ಕೂರುವುದು ಈ ಲೆಕ್ಕದ ಮೇಲೆ. ಇಂಗ್ಲೆಂಡಿನಲ್ಲಿ ಸ್ಟೇಡಿಯಂ ಸುರಕ್ಷತೆಗೆ ಒಂದು ಕೈಪಿಡಿ ಇದೆ. ಬೇರೆ ದೇಶಗಳ ಎಂಜಿನಿಯರರೂ ಅದನ್ನು ನೋಡುತ್ತಾರೆ. ಅದರಂತೆ ಸಮತಟ್ಟು ದಾರಿಯಲ್ಲಿ ಒಂದು ಮೀಟರ್ ಅಗಲದಿಂದ ನಿಮಿಷಕ್ಕೆ 82 ಮಂದಿ ಹೊರಬೀಳಬಹುದು, ಮೆಟ್ಟಿಲಾದರೆ 66. ಇಡೀ ಗ್ಯಾಲರಿ ಎಂಟು ನಿಮಿಷದೊಳಗೆ ಖಾಲಿಯಾಗಬೇಕು. ಹುಡುಗರು ಮೂರು ಮೂರು ಮೀಟರಿನ ಎರಡು ಗೇಟು ಬಿಡಿಸಿದ್ದರು. ಹದಿನೈದು ಸಾವಿರ ಜನ ಅದರಿಂದ ಹೊರಬರಲು ಅರ್ಧ ಗಂಟೆ ಬೇಕು. ಎಂಟು ನಿಮಿಷ ಆಗಬೇಕಿದ್ದರೆ ಎಲ್ಲ ಗೇಟು ಸೇರಿ 23 ಮೀಟರ್ ಅಗಲ ಇರಬೇಕು.

ಈ ಅಂಕಿಗಳ ಹಿಂದೆ ಜೀವಗಳಿವೆ. 1985ರ ಮೇ 11ರಂದು ಇಂಗ್ಲೆಂಡಿನ ಬ್ರಾಡ್‌ಫರ್ಡಿನಲ್ಲಿ ಮರದ ಗ್ಯಾಲರಿಗೆ ಬೆಂಕಿ ಬಿದ್ದು 56 ಮಂದಿ ಹೋದರು. ಹಿಂದಿನ ಬಾಗಿಲುಗಳ ಕಡೆ ಓಡಿದವರಿಗೆ ಬೀಗ ಹಾಕಿದ ಬಾಗಿಲು ಸಿಕ್ಕಿತು, ಮೈದಾನದ ಕಡೆ ಹಾರಿದವರು ಉಳಿದರು. ನಾಲ್ಕು ವರ್ಷದ ಬಳಿಕ ಅದೇ ದೇಶದ ಹಿಲ್ಸ್‌ಬರೋ ಸ್ಟೇಡಿಯಂನಲ್ಲಿ ಮೈದಾನದ ಕಡೆಗೂ ಬೇಲಿ ಇತ್ತು. ಇಕ್ಕಟ್ಟಿನಲ್ಲಿ ಸಿಲುಕಿದ 97 ಲಿವರ್‌ಪೂಲ್ ಅಭಿಮಾನಿಗಳು ಸತ್ತರು. ಹುಡುಗರ ನಕ್ಷೆಯಲ್ಲೂ ಗ್ಯಾಲರಿಯ ಮುಂದೆ ಎತ್ತರದ ಬಲೆ ಇತ್ತು. ಅದನ್ನು ಅಳಿಸಿ ಎಂದೆ.

ದೂರದ ಮಾತೇಕೆ? ತಂಡಕ್ಕೆ ಏಳು ಮಂದಿ ಆಡುವ ಸೆವೆನ್ಸ್ ಟೂರ್ನಿಗೆ ನಾವೇ ಕಟ್ಟುವ ಗ್ಯಾಲರಿ ನೋಡಿ. ಕಂಗಿನ (ಅಡಿಕೆ) ಮರ, ಬಿದಿರು, ಹಗ್ಗ. 2022ರ ಮಾರ್ಚಿನಲ್ಲಿ ಮಲಪ್ಪುರಂ ಜಿಲ್ಲೆಯ ಪೂಂಗೋಡಿನಲ್ಲಿ ಪಂದ್ಯದ ನಡುವೆ ಇಂಥ ತಾತ್ಕಾಲಿಕ ಗ್ಯಾಲರಿ ಜನರ ಸಮೇತ ಮಗುಚಿತು. ಅನೇಕರಿಗೆ ಗಾಯವಾಯಿತು. ಇಂಥ ಗ್ಯಾಲರಿ ಕಟ್ಟುವವರು ನನ್ನಲ್ಲಿ ಕೇಳಿದಾಗಲೆಲ್ಲ ಒಂದೇ ಮಾತು ಹೇಳುತ್ತೇನೆ. ನೇರ ನಿಂತ ಕಂಗಿನ ಮರ ಭಾರ ಹೊರುತ್ತದೆ, ಅದರ ಬಗ್ಗೆ ಹೆದರಿಕೆ ಬೇಡ. ಗೋಲು ಬಿದ್ದಾಗ ಜನ ಒಟ್ಟಿಗೆ ಹಾರುತ್ತಾರೆ, ಒಂದೇ ಬದಿಗೆ ತೂಗುತ್ತಾರೆ. ಆಗ ತಳ್ಳು ಬರುವುದು ಅಡ್ಡಕ್ಕೆ. ಅದನ್ನು ತಡೆಯುವುದು ಮೂಲೆಯಿಂದ ಮೂಲೆಗೆ ಓರೆಯಾಗಿ ಕಟ್ಟಿದ ಗಳು ಮಾತ್ರ. ಬಿದ್ದ ಗ್ಯಾಲರಿಗಳ ಚಿತ್ರ ನೋಡಿದರೆ ನಾನು ಮೊದಲು ಹುಡುಕುವುದು ಆ ಓರೆ ಗಳುಗಳನ್ನು. ಕಾಂಕ್ರೀಟಿನ ಗ್ಯಾಲರಿಗೂ ಇದೇ ನ್ಯಾಯ. ಚದರ ಮೀಟರಿಗೆ 500 ಕಿಲೋ ಭಾರ ಹಿಡಿದು ಲೆಕ್ಕ ಮಾಡುತ್ತೇವೆ, ಆಮೇಲೆ ಕುಣಿತದ ಲೆಕ್ಕ ಬೇರೆ.

ಗೆಳೆಯರಲ್ಲಿ ಒಬ್ಬ ಮ್ಯಾಂಚೆಸ್ಟರ್ ಯುನೈಟೆಡ್‌ನ ಕೆಂಪು ಜೆರ್ಸಿ ಹಾಕಿಕೊಂಡಿದ್ದ. 2024ರ ಮೇ ತಿಂಗಳಲ್ಲಿ ಆ ಕ್ಲಬ್ಬಿನ ಓಲ್ಡ್ ಟ್ರಾಫರ್ಡ್ ಸ್ಟೇಡಿಯಂನ ಮಾಡಿನಿಂದ ಜಲಪಾತದ ಹಾಗೆ ನೀರು ಬಿದ್ದ ವಿಡಿಯೊ ಅವನ ಮೊಬೈಲಿನಲ್ಲಿ ಈಗಲೂ ಇದೆ. "ಹಳೆಯದನ್ನೇ ದೊಡ್ಡದು ಮಾಡಬಾರದಾ ಮಾವ?" ಎಂದ. ಅಲ್ಲಿ ಒಂದು ಬದಿಯ ಗ್ಯಾಲರಿಯ ಬೆನ್ನಿಗೇ ರೈಲು ಹಳಿ ಇದೆ. ಉಳಿದ ಬದಿಗಳು ಬೆಳೆದವು, ಅದೊಂದು ಬೆಳೆಯಲಾಗಲಿಲ್ಲ. 1910ರ ಆ ಮೈದಾನದ ಪಕ್ಕದಲ್ಲೇ ಒಂದು ಲಕ್ಷ ಸೀಟಿನ ಹೊಸದು ಕಟ್ಟುತ್ತೇವೆ ಎಂದು ಕ್ಲಬ್ಬು 2025ರ ಮಾರ್ಚಿನಲ್ಲಿ ಹೇಳಿತು. ಪಕ್ಕದಲ್ಲಿ ಕಟ್ಟುವುದರ ದೊಡ್ಡ ಲಾಭವೆಂದರೆ ಕೆಲಸ ನಡೆಯುವಷ್ಟು ಕಾಲ ತಂಡ ಮನೆ ಬಿಡಬೇಕಿಲ್ಲ. ಬಾರ್ಸಿಲೋನಾ ತನ್ನ ಕ್ಯಾಂಪ್ ನೌವನ್ನು ಒಡೆದು ಕಟ್ಟಲು 2023ರಲ್ಲಿ ಹೊರಬಿತ್ತು. 2024ರ ನವೆಂಬರಿಗೆ ಮರಳುವ ಮಾತಿತ್ತು, ಮರಳಿದ್ದು 2025ರ ನವೆಂಬರಿನಲ್ಲಿ. ಆ ದಿನಗಳಲ್ಲಿ ಬಹುಪಾಲು ಅವರಿಗೂ ಓಟದ ಟ್ರ್ಯಾಕ್ ಇರುವ ಬೇರೆ ಸ್ಟೇಡಿಯಮ್ಮೇ ಗತಿ. ನಮ್ಮಲ್ಲಿ ನವೀಕರಣ ಎಂದು ಯಾರಾದರೂ ಹೇಳಿದರೆ ಅಭಿಮಾನಿಗಳು ಮೊದಲ ಸಭೆಯಲ್ಲೇ ಕೇಳಬೇಕು: ಕೆಲಸ ಮುಗಿಯುವವರೆಗೆ ಆಟ ಎಲ್ಲಿ?

ನಮ್ಮೂರಿನಲ್ಲಿ ಮಾಡು ಎಂದರೆ ಬರಿಯ ನೆರಳಲ್ಲ. ಕಂಬಗಳು ನೋಟಕ್ಕೆ ಅಡ್ಡ ಬರಬಾರದೆಂದು ಅದನ್ನು ಹಿಂದಿನಿಂದ ಮುಂದಕ್ಕೆ ಚಾಚುತ್ತೇವೆ. ಆಗ ಗಾಳಿ ಅದನ್ನು ಕೆಳಗಿನಿಂದ ಎತ್ತಲು ನೋಡುತ್ತದೆ. ತಳಪಾಯದ ಅರ್ಧ ಕೆಲಸ ಮಾಡು ಹಾರದಂತೆ ಹಿಡಿಯುವುದು. ಕಡಲಿನ ಉಪ್ಪು ಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಸತುವಿನ ಲೇಪನಕ್ಕೆ ಕಂಜೂಸುತನ ಮಾಡಿದರೆ ನಾಲ್ಕೈದು ಮಳೆಗಾಲದಲ್ಲೇ ತಿಳಿಯುತ್ತದೆ.

ಮತ್ತೆ ಮಳೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಬೀಳುವ ಜಿಲ್ಲೆಯಿದು. ನಮ್ಮ ನೆಲದ ಕೆಂಪು ಮುರಕಲ್ಲು ನೀರು ಬಿಡುತ್ತದೆ ಎಂಬುದು ಸುರಂಗ ಕೊರೆದು ನೀರು ಹಿಡಿದ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ರೋಲರ್ ಹೊಡೆದು ಗಟ್ಟಿ ಮಾಡಿದ ಕೆಂಪು ಮಣ್ಣು ನೀರು ಬಿಡುವುದಿಲ್ಲ, ಕೆಸರಾಗುತ್ತದೆ. ಹುಲ್ಲಿನ ಕೆಳಗೆ ಒಂದಡಿಯಷ್ಟು ಮರಳು, ಅದರ ಕೆಳಗೆ ಜಲ್ಲಿ, ಜಲ್ಲಿಯಲ್ಲಿ ತೂತಿನ ಪೈಪು ಇರಬೇಕು. ಇದು ಯಾವ ಫೋಟೊದಲ್ಲೂ ಕಾಣದ ಖರ್ಚು. ಆದ್ದರಿಂದಲೇ ಮೊದಲು ಕಡಿತವಾಗುವುದೂ ಇದೇ. ನಾನು ಕೆಲಸ ಮಾಡಿದ ಒಂದು ಕಡೆ ಹೀಗೆಯೇ ಆಯಿತು. ಚಂದದ ಬಣ್ಣದ ಕುರ್ಚಿಗಳು ಬಂದವು, ಪೈಪು ಬರಲಿಲ್ಲ. ಜುಲೈಯಲ್ಲಿ ಕುರ್ಚಿಯಲ್ಲಿ ಕುಳಿತು ನೋಡಲು ಆಟವೇ ಇರಲಿಲ್ಲ. ಅಂದು ಗಟ್ಟಿಯಾಗಿ ಮಾತಾಡದ ಬೇಸರ ನನಗೆ ಇವತ್ತಿಗೂ ಇದೆ.

ಅದೇ ನೀರು ಏಪ್ರಿಲ್‌ನಲ್ಲಿ ಬೇಕು. 5,000 ಚದರ ಮೀಟರ್ ಮಾಡಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಐದು ಲಕ್ಷ ಲೀಟರ್. ಬೇಸಗೆಯಲ್ಲಿ ಮೈದಾನದ ಹುಲ್ಲಿಗೆ ದಿನಕ್ಕೆ 5 ಮಿಲಿಮೀಟರ್ ಕೊಟ್ಟರೂ ಮೂವತ್ತೈದು ಸಾವಿರ ಲೀಟರಿಗಿಂತ ಸ್ವಲ್ಪ ಹೆಚ್ಚು ಬೇಕು. ಒಂದು ದೊಡ್ಡ ಮಳೆಯ ನೀರು ಹಿಡಿದಿಟ್ಟರೆ ಎರಡು ವಾರ ಹುಲ್ಲು ಹಸುರಾಗಿರುತ್ತದೆ.

ಆ ದಿನ ಹುಡುಗರು ಸ್ವಲ್ಪ ಸಪ್ಪೆಯಾಗಿಯೇ ಹೋದರು. ಮುಂದಿನ ಆದಿತ್ಯವಾರ ಮತ್ತೆ ಬಂದರು. ನಡುವೆ ಟೇಪು ಹಿಡಿದು ಒಂದು ಹಳೆಯ ಮೈದಾನಕ್ಕೆ ಹೋಗಿ ಮೆಟ್ಟಿಲಿನ ಎತ್ತರ, ಗೇಟಿನ ಅಗಲ, ಚರಂಡಿಯ ಇಳಿಜಾರು ಎಲ್ಲ ಅಳೆದು ಬರೆದುಕೊಂಡಿದ್ದರು. ನಕ್ಷೆ ಬೇರೆಯಾಗಿತ್ತು. ಬಲೆ ಇರಲಿಲ್ಲ, ಗೇಟು ಎಂಟಾಗಿತ್ತು. ಗೋಲಿನ ಹಿಂದಿನ ಗ್ಯಾಲರಿ ಅಳಿಸಿದ ಜಾಗದಲ್ಲಿ ನೀಲಿ ಪೆನ್ಸಿಲಿನ ಒಂದು ಚೌಕ.

"ಮಾವ, ಟ್ಯಾಂಕಿಗೆ ಎಷ್ಟು ಆಳ ಬೇಕು?" ಎಂದು ಅಳಿಯ ಕೇಳಿದ.

"ಅದು ಕಾಗದದ ಮೇಲೆ ಗೊತ್ತಾಗುವುದಿಲ್ಲ. ಮೊದಲು ಒಂದು ಗುಂಡಿ ತೋಡಿ ನೋಡಬೇಕು, ಮುರಕಲ್ಲು ಎಷ್ಟು ಅಡಿಗೆ ಸಿಗುತ್ತದೆ ಅಂತ" ಎಂದೆ.