ಎಂಟರ ಫ್ಯಾಕ್ಟೋರಿಯಲ್ ಮೈನಸ್ ಬರುತ್ತಾ?

ಕಲಬುರಗಿಯ ಕಾಲೇಜು ಲ್ಯಾಬುಗಳಲ್ಲಿ ಸಿ ಪ್ರೋಗ್ರಾಮಿಂಗ್ ಭಾಷೆ ಕಲಿತ ಅನೇಕರಿಗೆ ಟರ್ಬೊ ಸಿ ಕಂಪೈಲರ್‌ನ (ಬರೆದ ಪ್ರೋಗ್ರಾಂ ಅನ್ನು ಕಂಪ್ಯೂಟರ್ ಓಡಿಸುವಂತೆ ಮಾರ್ಪಡಿಸುವ ಸಾಧನ) ನೀಲಿ ಪರದೆ ನೆನಪಿರುತ್ತದೆ. ಅದರಲ್ಲಿ ಪೂರ್ಣಾಂಕ ಇಡುವ ಇಂಟ್ ಬಳಸಿ ಫ್ಯಾಕ್ಟೋರಿಯಲ್ (1ರಿಂದ ಆ ಸಂಖ್ಯೆಯವರೆಗಿನ ಗುಣಲಬ್ಧ) ಪ್ರೋಗ್ರಾಂ ಬರೆಯಿರಿ. 7 ಕೊಟ್ಟರೆ 5040, ಸರಿ. 8 ಕೊಟ್ಟರೆ 40320 ಬರಬೇಕು. ಬರುವುದು ಮೈನಸ್ 25216!

ಲಾಜಿಕ್ ಸರಿಯಾಗೇ ಇದೆ. ಬೋರ್‌ಲ್ಯಾಂಡ್ ಕಂಪನಿ 1987ರಲ್ಲಿ ಡಾಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂಗಾಗಿ ತಂದ ಟರ್ಬೊ ಸಿಯಲ್ಲಿ ಇಂಟ್‌ಗೆ ಸಿಗುವುದು 2 ಬೈಟ್ ಜಾಗ. 32767 ದಾಟಿದರೆ ಹಿಡಿಸುವುದಿಲ್ಲ, ಸಂಖ್ಯೆ ಸುತ್ತಿಕೊಂಡು ಮೈನಸ್ ಕಡೆಯಿಂದ ಬರುತ್ತದೆ. ಇಂದಿನ ಜಿಸಿಸಿ ಕಂಪೈಲರ್ ಇಂಟ್‌ಗೆ 4 ಬೈಟ್ ಕೊಡುತ್ತದೆ. ಅದೂ 12ರ ತನಕ ಮಾತ್ರ, 13ಕ್ಕೆ ಕೈಕೊಡುತ್ತದೆ.

ಮತ್ತೆ ವ್ಯತ್ಯಾಸವೇನು? ಟರ್ಬೊ ಸಿ ಸುಮ್ನೆ ತಪ್ಪು ಉತ್ತರ ಕೊಟ್ಟು ಕೂರುತ್ತದೆ. ಲಿನಕ್ಸ್‌ನಲ್ಲಿ ಜಿಸಿಸಿಗೆ 'ಎಫ್‌ಸ್ಯಾನಿಟೈಸ್' ಆಯ್ಕೆ (-fsanitize=undefined) ಕೊಟ್ಟರೆ, ಇಂತಿಷ್ಟನೇ ಸಾಲಿನಲ್ಲಿ ಸಂಖ್ಯೆ ಮಿತಿ ಮೀರಿದೆ ಎಂದು ಓಡುವಾಗಲೇ ಹೇಳುತ್ತದೆ. ಲ್ಯಾಬಿಗೆ ಕಂಪೈಲರ್ ಆರಿಸಲು ನನ್ನ ಅಳತೆ ಇದೇ: ತಪ್ಪು ಕಂಡಾಗ ಬಾಯಿಬಿಡಬೇಕು.

ನಮ್ಮ ವೈವಾಗಳಲ್ಲಿ ಒಂದು ಹಳೇ ಪ್ರಶ್ನೆ ಇದೆ. ಐ ಬೆಲೆ 5, ಪರದೆಗೆ ಬರೆಯುವ ಒಂದೇ ಪ್ರಿಂಟ್‌ಎಫ್‌ನಲ್ಲಿ ಐಗೆ ಒಂದು ಕೂಡಿಸುವ ಐ ಪ್ಲಸ್ ಪ್ಲಸ್, ಪ್ಲಸ್ ಪ್ಲಸ್ ಐ ಎರಡೂ ಇವೆ, ಉತ್ತರವೇನು? ಟರ್ಬೊ ಸಿಯಲ್ಲಿ ಬಂದದ್ದನ್ನೇ ಸರಿಯುತ್ತರ ಎಂದು ಬಾಯಿಪಾಠ ಮಾಡಿಸುವವರು ಈಗಲೂ ಇದ್ದಾರೆ. ಸಿ ಭಾಷೆಯ ನಿಯಮದ ಪ್ರಕಾರ ಇದಕ್ಕೆ ಉತ್ತರವೇ ಇಲ್ಲ. ಕಂಪೈಲರ್ ಬದಲಾದರೆ ಉತ್ತರವೂ ಬದಲಾಗಬಹುದು. 'ಡಬ್ಲ್ಯೂ-ಆಲ್' ಆಯ್ಕೆ (-Wall) ಕೊಟ್ಟು ಜಿಸಿಸಿಯನ್ನು ಕೇಳಿ, ಈ ಸಾಲು ನಂಬುವಂಥದ್ದಲ್ಲ ಎಂದು ಎಚ್ಚರಿಸುತ್ತದೆ. ವೈವಾ ಮಾಡುವವರೂ ಒಮ್ಮೆ ಕೇಳಿದರೆ ಚೆನ್ನ.

ಹಾಗಂತ ಹೊಸ ಕಂಪೈಲರ್‌ಗಳೇನೂ ದೇವರಲ್ಲ. ಯೂಟಾ ವಿಶ್ವವಿದ್ಯಾಲಯದವರು ಸಿಸ್ಮಿತ್ ಎಂಬ ಸಾಧನದಿಂದ ಮನಬಂದಂತೆ ಪ್ರೋಗ್ರಾಂಗಳನ್ನು ಹುಟ್ಟಿಸಿ, ಕಂಪೈಲರ್‌ಗಳ ಮೇಲೆ ಬಿಟ್ಟರು. 325ಕ್ಕೂ ಜಾಸ್ತಿ ದೋಷ ಸಿಕ್ಕವು ಎಂದು 2011ರಲ್ಲಿ ವರದಿ ಮಾಡಿದರು. ಜಿಸಿಸಿಯೂ ಆ ಪಟ್ಟಿಯಲ್ಲಿತ್ತು. ಆದರೆ ವಿದ್ಯಾರ್ಥಿಯ ನಲವತ್ತು ಸಾಲಿನ ಪ್ರೋಗ್ರಾಂ ಕೆಟ್ಟರೆ ದೋಷ ಕಂಪೈಲರ್‌ನಲ್ಲಿರುವುದು ತೀರಾ ಅಪರೂಪ.

64 ಬಿಟ್ ವಿಂಡೋಸ್‌ನಲ್ಲಿ ಟರ್ಬೊ ಸಿ ನೇರವಾಗಿ ಓಡುವುದೂ ಇಲ್ಲ, ಡಾಸ್ ಅನ್ನು ಅನುಕರಿಸುವ ಡಾಸ್‌ಬಾಕ್ಸ್ ಬೇಕು. ಜಿಸಿಸಿ ಉಚಿತ, ಒಮ್ಮೆ ಹಾಕಿದರೆ ನೆಟ್ ಬೇಡ. ಎಲ್ಲ ಮಷಿನ್‌ಗೂ ಒಂದೇ ಆವೃತ್ತಿ ಹಾಕಿ, ಎಫ್‌ಸ್ಯಾನಿಟೈಸ್, ಡಬ್ಲ್ಯೂ-ಆಲ್ ಎರಡೂ ಆಯ್ಕೆಗಳನ್ನು ಮೇಕ್‌ಫೈಲ್‌ನಲ್ಲೇ (ಕಂಪೈಲ್ ಮಾಡುವ ಆದೇಶಗಳ ಕಡತ) ಬರೆದಿಡಿ. ಇಲ್ಲದಿದ್ದರೆ ಪ್ರಾಕ್ಟಿಕಲ್ ದಿನ ಪಕ್ಕದ ಮಷಿನ್‌ನಲ್ಲಿ ಬೇರೆ ಔಟ್‌ಪುಟ್ ಬಂತು ಎಂಬ ಜಗಳ ಬಿಡಿಸುವುದೇ ಕೆಲಸವಾಗುತ್ತದೆ.