ಒಬ್ಬ ಪಾದ್ರಿ, ಮೂರು ಪೂಜೆ

ಯಲ್ಲಾಪುರದ ಕಡೆ ಕಾಡಿನಂಚಿನ ಒಂದು ಪುಟ್ಟ ಚರ್ಚು. ಭಾನುವಾರ ಹತ್ತೂವರೆಗೆ ಪೂಜೆ ಅಂದಿದ್ದರು. ಹನ್ನೊಂದಾದರೂ ಪಾದ್ರಿಯ ಸುಳಿವಿಲ್ಲ. ಯಾರಿಗೂ ಅದರ ಗಡಿಬಿಡಿ ಇದ್ದ ಹಾಗೆ ಕಾಣಲಿಲ್ಲ. ಬೀಗದ ಕೈ ಇಟ್ಟುಕೊಳ್ಳುವ ಹೆಂಗಸು, ಎಲ್ಲರ ‘ಬಾಯಿ’, ಬೆಳಿಗ್ಗೆಯೇ ಬಾಗಿಲು ತೆಗೆದು, ಕಸ ಗುಡಿಸಿ, ಮೇಣದ ಬತ್ತಿ ಹಚ್ಚಿದ್ದರು. ಜಪಸರ ಹಿಡಿದು ಪ್ರಾರ್ಥನೆಯನ್ನೂ ಶುರು ಮಾಡಿಬಿಟ್ಟಿದ್ದರು. ತಿರುವಿನಲ್ಲಿ ಬೈಕಿನ ಸದ್ದು ಕೇಳಿದ್ದೇ ಒಬ್ಬ ಹುಡುಗ ಓಡಿಹೋಗಿ ಗಂಟೆಯ ಹಗ್ಗ ಎಳೆದ. ಪಾದ್ರಿ ಹೆಲ್ಮೆಟ್ ತೆಗೆದು ಬೆನ್ನಿನ ಚೀಲ ಇಳಿಸಿದರು. ಒಳಗೆ ಪೂಜೆಯ ಪಾತ್ರೆ, ರೊಟ್ಟಿಯ ಡಬ್ಬಿ, ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬಿಳಿ ನಿಲುವಂಗಿ. ಅದು ಅವರ ಆ ದಿನದ ಎರಡನೇ ಪೂಜೆ. ಸಂಜೆಗೆ ಇನ್ನೊಂದಿತ್ತು.

ಎರಡು, ಮೂರು ಅನ್ನುವುದು ಸುಮ್ನೆ ಬಂದ ಲೆಕ್ಕ ಅಲ್ಲ. ಕ್ಯಾಥೋಲಿಕರ ಈಗಿನ ಚರ್ಚ್ ಕಾನೂನು 1983ರದ್ದು. ಅದರ ಪ್ರಕಾರ ಪಾದ್ರಿಗೆ ಸಾಮಾನ್ಯವಾಗಿ ದಿನಕ್ಕೆ ಒಂದೇ ಪೂಜೆ. ಪಾದ್ರಿಗಳು ಕಡಿಮೆ ಇದ್ದಲ್ಲಿ ಬಿಷಪ್ಪರು ಎರಡಕ್ಕೆ ಒಪ್ಪಿಗೆ ಕೊಡಬಹುದು. ಭಾನುವಾರ ಮತ್ತು ದೊಡ್ಡ ಹಬ್ಬಗಳಲ್ಲಿ, ತೀರಾ ಅಗತ್ಯ ಬಿದ್ದರೆ, ಮೂರು. ಶನಿವಾರ ಸಂಜೆಯ ಪೂಜೆಗೆ ಹೋದರೂ ಭಾನುವಾರದ್ದು ಮುಗಿದ ಹಾಗೆ. ಅಷ್ಟಾದರೂ ಒಬ್ಬ ಪಾದ್ರಿಯ ಕೆಳಗೆ ಐದು ಊರಿದ್ದರೆ ಯಾವುದಾದರೊಂದು ಊರು ಆ ವಾರ ಕಾಯಬೇಕಾಗಿ ಬರಬಹುದು.

ಹಿಂದೆ ಇದಕ್ಕಿಂತ ಕಷ್ಟ ಇತ್ತು. ಮಧ್ಯರಾತ್ರಿಯಿಂದ ಪೂಜೆ ಮುಗಿಯುವ ತನಕ ಪಾದ್ರಿ ಒಂದು ತೊಟ್ಟು ನೀರನ್ನೂ ಕುಡಿಯುವ ಹಾಗಿರಲಿಲ್ಲ. ಪೂಜೆಯಲ್ಲಿ ಕೊಡುವ ರೊಟ್ಟಿಯ ಪರಮಪ್ರಸಾದ ತಗೊಳ್ಳುವವರಿಗೂ ಅದೇ ನಿಯಮ. ಸಂಜೆ ಪೂಜೆ ಅನ್ನುವುದೇ ಇರಲಿಲ್ಲ. ಖಾಲಿ ಹೊಟ್ಟೆಯಲ್ಲಿ ಒಂದೂರಿನ ಪೂಜೆ ಮುಗಿಸಿ, ಹೊಳೆ ದಾಟಿ, ಮಧ್ಯಾಹ್ನದೊಳಗೆ ಇನ್ನೊಂದೂರು ಮುಟ್ಟಬೇಕು. ಮೇ ತಿಂಗಳ ಕುಮಟಾ, ಹೊನ್ನಾವರದ ಸೆಖೆ ಗೊತ್ತಿದ್ದವರು ಊಹಿಸಿಕೊಳ್ಳಿ. 1953ರಲ್ಲಿ ಹನ್ನೆರಡನೇ ಪಯಸ್ ಪೋಪರು ನೀರು ಕುಡಿಯಲು ಬಿಟ್ಟರು, ಕೆಲವು ಷರತ್ತು ಹಾಕಿ ಸಂಜೆ ಪೂಜೆಗೂ ದಾರಿ ಮಾಡಿದರು. 1964ರಲ್ಲಿ ಉಪವಾಸ ಒಂದೇ ಗಂಟೆಗೆ ಇಳಿಯಿತು. ಹೊಟ್ಟೆಯ ವಿಷಯ, ನಿಜ. ಆದರೆ ಹಲವು ಊರು ಸುತ್ತುವ ಪಾದ್ರಿಗೆ ಇದರಿಂದ ಆದಷ್ಟು ಅನುಕೂಲ ಬೇರೆ ಯಾವ ಬದಲಾವಣೆಯಿಂದಲೂ ಆಗಿರಲಿಕ್ಕಿಲ್ಲ ಅಂತ ನನಗನಿಸುತ್ತದೆ.

ಈಗ ‘ಒಂದೇ ಚರ್ಚು, ಹಲವು ಜಾಗ’ ಅನ್ನುವುದನ್ನು ಅಮೆರಿಕದ ಹೊಸ ಉಪಾಯ ಅನ್ನುವ ಹಾಗೆ ಮಾತಾಡುವವರಿದ್ದಾರೆ. ಮೊದಲನೇ ಶತಮಾನದ ಪ್ರಚಾರಕ ಸಂತ ಪೌಲರು ಊರೂರಿನ ಕ್ರೈಸ್ತ ಸಭೆಗಳಿಗೆ ಕಾಗದ ಬರೆದದ್ದು ಮತ್ಯಾಕೆ? ಎಲ್ಲ ಕಡೆ ತಾವೇ ಇರಲು ಆಗದ್ದಕ್ಕೇ ಅಲ್ವಾ? ಅಷ್ಟು ಹಿಂದೆ ಹೋಗುವುದೂ ಬೇಡ. ನಮ್ಮ ಕರಾವಳಿಯಲ್ಲೇ ಇದರ ಕತೆಗೆ 300 ವರ್ಷ ದಾಟಿದೆ.

ಕೆಳದಿಯ ರಾಣಿ ಚೆನ್ನಮ್ಮ ಪೋರ್ಚುಗೀಸರ ಜೊತೆ ಕಾಳುಮೆಣಸು, ಅಕ್ಕಿಯ ವ್ಯಾಪಾರಕ್ಕೆ ಒಪ್ಪಂದ ಮಾಡಿಕೊಂಡಾಗ ಮಿರ್ಜಾನ, ಹೊನ್ನಾವರದಂಥ ಊರುಗಳಲ್ಲಿ ಚರ್ಚು ಕಟ್ಟಲೂ ಅವಕಾಶ ಕೊಟ್ಟಳು. ಚರ್ಚುಗಳೇನೋ ಎದ್ದವು. ಯಾರ ಮಾತು ನಡೆಯಬೇಕು ಅನ್ನುವ ಜಗಳವೂ ಎದ್ದಿತು. ಇಲ್ಲಿನ ಚರ್ಚುಗಳು ತಮ್ಮವು ಅಂತ ಪೋರ್ಚುಗೀಸರ ಗೋವಾದ ಚರ್ಚು ಹೇಳುತ್ತಿತ್ತು, ಪೋರ್ಚುಗಲ್ ರಾಜನಿಗೆ ಪೋಪ್ ಕೊಟ್ಟ ಹಕ್ಕನ್ನು ತೋರಿಸುತ್ತಿತ್ತು. ರೋಮ್, ಅಂದರೆ ಪೋಪರ ಆಡಳಿತ, ನೇರವಾಗಿ ನೇಮಿಸಿದ ಬಿಷಪ್ ತೋಮಸ್ ದ ಕಾಸ್ತ್ರೊ ಅಧಿಕಾರ ತನ್ನದು ಅನ್ನುತ್ತಿದ್ದರು. ಜನ ಎರಡು ಪಾಲಾದರು.

1681ರಲ್ಲಿ ಗೋವಾ ಕಡೆಯಿಂದ ಕನ್ನಡ ಕರಾವಳಿಯ ಉಸ್ತುವಾರಿಗೆ ಬಂದವರು ಪಾದ್ರಿ ಜೋಸೆಫ್ ವಾಜ್. ಮೂವತ್ತರ ಪ್ರಾಯ. ಅವರು ಮೊದಲು ಕಾಸ್ತ್ರೊ ಅವರ ನೇಮಕದ ಪತ್ರ ತೋರಿಸಿ ಅಂದರು. ಪತ್ರ ಸರಿಯಾಗಿಯೇ ಇತ್ತು. ರೋಮಿನಿಂದ ಹೊಸ ತೀರ್ಮಾನ ಬರುವ ತನಕ ಒಂದು ರಾಜಿ ಆಯಿತು. ಕಾಸ್ತ್ರೊ ಅವರ ಅಧಿಕಾರ ನಿಜದ್ದೇ ಅಂತ ವಾಜ್ ಜನರಿಗೆ ಹೇಳಬೇಕು, ಕಾಸ್ತ್ರೊ ಆ ಅಧಿಕಾರವನ್ನು ವಾಜ್ ಅವರಿಗೆ ವಹಿಸಿಕೊಡಬೇಕು. ಎದುರಾಳಿಯ ಕಾಗದ ಸರಿ ಇದೆ ಅಂತ ಊರಿಗೆಲ್ಲ ಸಾರುವುದು ಸುಲಭ ಇರಲಿಲ್ಲ. ವಾಜ್ ಅವರನ್ನು ಕಳಿಸಿದ್ದು ಗೋವಾ, ನೆನಪಿರಲಿ.

ಮುಂದೆ 1687ರಲ್ಲಿ ವಾಜ್ ಸಿಲೋನಿಗೆ, ಈಗಿನ ಶ್ರೀಲಂಕಾಕ್ಕೆ, ಹೋದರು. ಅಲ್ಲಿ ಡಚ್ಚರು ಕ್ಯಾಥೋಲಿಕ್ ಪಾದ್ರಿಗಳಿಗೆ ನಿಷೇಧ ಹಾಕಿದ್ದರು. ವೇಷ ಮರೆಸಿಕೊಂಡು ಓಡಾಡಿದರು. ವರ್ಷಗಟ್ಟಲೆ ಇಡೀ ದ್ವೀಪಕ್ಕೆ ಅವರೊಬ್ಬರೇ ಪಾದ್ರಿ. ಅವರು ಬಾರದ ದಿನಗಳಲ್ಲಿ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಕಲಿಸುವುದು, ಸತ್ತವರನ್ನು ಮಣ್ಣು ಮಾಡುವುದು ಎಲ್ಲ ಊರಿನವರ ಹೊಣೆ. ಅಂಥವರನ್ನು ಅಲ್ಲಿ ಅಣ್ಣಾವಿ, ಮೂಪ್ಪು ಅಂತ ಕರೆಯುತ್ತಿದ್ದರು. ನಮ್ಮ ಕೊಂಕಣಿ ಕ್ರೈಸ್ತರ ಗುರ್ಕಾರನೂ ಹೆಚ್ಚುಕಡಿಮೆ ಇದೇ ಥರದ ಮನುಷ್ಯ. ವಾಡೆಯ, ಅಂದರೆ ಚರ್ಚಿಗೆ ಸೇರಿದ ಕೇರಿಯ, ಕಷ್ಟಸುಖ ಪಾದ್ರಿಗೆ ಮುಟ್ಟಿಸುವವನು, ಪಾದ್ರಿಯ ಮಾತು ವಾಡೆಗೆ ಮುಟ್ಟಿಸುವವನು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ವಾಜ್ ಅವರನ್ನು ಸಂತ ಎಂದು ಸಾರಿದರು.

ಉತ್ತರ ಕನ್ನಡದ ಕ್ಯಾಥೋಲಿಕರಿಗೆ ಮಾತ್ರ ಬಿಷಪ್ಪರು ಬಹುಕಾಲ ಗೋವಾದಲ್ಲೇ ಇದ್ದರು. 1947ರ ನಂತರ ಇದು ವಿಚಿತ್ರವಾಯಿತು. ಕಾರವಾರ ಸ್ವತಂತ್ರ ಭಾರತದಲ್ಲಿ, ಕಾರವಾರದ ಚರ್ಚಿನ ಯಜಮಾನಿಕೆ ಪೋರ್ಚುಗೀಸರ ನೆಲದಲ್ಲಿ! 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ, ಆಯಿತು. ಆಗಲೂ ಭಟ್ಕಳದವರಿಗೆ ಬೆಳಗಾವಿ ಅಂದರೆ ಘಟ್ಟ ಹತ್ತಿ ಹೋಗುವ ದೂರ. 1976ರಲ್ಲಿ ಕಾರವಾರಕ್ಕೇ ಬಿಷಪ್ ಬಂದರು. ಮೊದಲ ಬಿಷಪ್ ವಿಲಿಯಂ ಲಿಯೊನಾರ್ಡ್ ಡಿಮೆಲ್ಲೊ 2007ರವರೆಗೆ, 31 ವರ್ಷ ನಡೆಸಿದರು. ಆಮೇಲೆ ಡೆರೆಕ್ ಫರ್ನಾಂಡಿಸ್. 2024ರಿಂದ ದುಮಿಂಗ್ ಡಾಯಸ್.

ನಕ್ಷೆಯಲ್ಲಿ ಒಂದೇ ಜಿಲ್ಲೆ. ಒಳಗೆ ಹೋದರೆ ಹಾಗಿಲ್ಲ. ಕೆಳಗೆ ಮೀನುಗಾರರ ಊರು, ಕೊಂಕಣಿ ಮಾತು. ಹಳಿಯಾಳದ ಕಡೆ ಮರಾಠಿಯೂ ಕಿವಿಗೆ ಬೀಳುತ್ತದೆ. ಯಲ್ಲಾಪುರ, ಹಳಿಯಾಳದ ಕಾಡಿನಲ್ಲಿ ಆಫ್ರಿಕ ಮೂಲದ ಸಿದ್ದಿ ಕ್ರೈಸ್ತರು. ಪೂಜೆ ಲ್ಯಾಟಿನ್ ಭಾಷೆಯಲ್ಲಿ ಇದ್ದಾಗ ಈ ತೊಡಕು ಇರಲಿಲ್ಲ, ಯಾಕಂದರೆ ಎಲ್ಲೂ ಯಾರಿಗೂ ಅರ್ಥವಾಗುತ್ತಿರಲಿಲ್ಲ. 1962ರಿಂದ 1965ರವರೆಗೆ ನಡೆದ ಕ್ಯಾಥೋಲಿಕ್ ಬಿಷಪ್ಪರ ಎರಡನೇ ವ್ಯಾಟಿಕನ್ ಮಹಾಸಭೆ ಜನರ ಭಾಷೆಗೆ ಬಾಗಿಲು ತೆರೆದ ಮೇಲೆ, ಪಾದ್ರಿ ಬೆಳಿಗ್ಗೆ ಒಂದು ಭಾಷೆ ಮಧ್ಯಾಹ್ನ ಇನ್ನೊಂದು ಭಾಷೆ ಆಡಬೇಕಾಯಿತು.

ಕ್ಯಾಥೋಲಿಕ್ ಅಲ್ಲದ ಸ್ವತಂತ್ರ ಸಭೆಗಳ ಪಾಸ್ಟರುಗಳಿಗೆ ಪೂಜೆಯ ಲೆಕ್ಕ ಇಲ್ಲ. ಬೆಳಿಗ್ಗೆ ಕಾರವಾರ, ಮಧ್ಯಾಹ್ನ ಅಂಕೋಲಾ, ಸಂಜೆ ಯಾರದೋ ಮನೆಯ ಜಗಲಿ, ಹೀಗೂ ನಡೆಸಬಹುದು. ಆದರೆ ಮೇಲೆ ಬಿಷಪ್ಪರೂ ಇಲ್ಲ. ಬೇರೆ ಊರಿನಲ್ಲಿ ಪ್ರಸಂಗ, ಅಂದರೆ ಉಪದೇಶ, ಮಾಡಲು ಸಭಾಹಿರಿಯರನ್ನು ಬಿಡುತ್ತಾರೆ. ಕಾಣಿಕೆ ಡಬ್ಬಿ ಯಾರು ತೆಗೆಯಬೇಕು, ದೀಕ್ಷಾಸ್ನಾನ ಯಾರು ಕೊಡಬೇಕು ಅಂದ ಕೂಡಲೇ ಮುಖ ಬಿಗಿಯುತ್ತದೆ. ದಕ್ಷಿಣ ಕೊರಿಯಾದ ಸೋಲ್ ನಗರದ ಪಾಸ್ಟರ್ ಯೊಂಗಿ ಚೋ 1964ರಲ್ಲಿ ದಣಿದು ವೇದಿಕೆಯಲ್ಲೇ ಕುಸಿದರು. ಆಮೇಲೆ ಮನೆಮನೆಯ ಗುಂಪುಗಳನ್ನು ಹೆಚ್ಚಾಗಿ ಹೆಂಗಸರ ಕೈಗೆ ಕೊಟ್ಟರು. ಆ ಸಭೆ ಜಗತ್ತಿನ ಅತಿ ದೊಡ್ಡ ಸಭೆಯಾಗಿ ಬೆಳೆಯಿತು. ಅಮೆರಿಕದ ಸಿಯಾಟಲಿನ ಮಾರ್ಸ್ ಹಿಲ್ ಚರ್ಚು ಒಬ್ಬರ ಪ್ರಸಂಗದ ವಿಡಿಯೊವನ್ನೇ ಹತ್ತಾರು ಕಡೆ ತೋರಿಸುತ್ತಿತ್ತು. 2014ರಲ್ಲಿ ಆ ಪಾಸ್ಟರು ದೂರುಗಳ ನಡುವೆ ರಾಜೀನಾಮೆ ಕೊಟ್ಟರು. ಕೆಲವೇ ತಿಂಗಳಲ್ಲಿ ಸಂಸ್ಥೆ ಮುಚ್ಚಿತು, ಉಳಿದ ಜಾಗಗಳು ಬೇರೆ ಬೇರೆ ಚರ್ಚುಗಳಾದವು.

ನಮ್ಮಲ್ಲಿ ವಿಡಿಯೊಗಿಂತ ಮಳೆಯ ಕಾಟ ಜಾಸ್ತಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಹಲವು ದಿನ ಕಟ್ಟಿಹೋಯಿತು. ಮೂರು ವಾರ ಕಳೆದು, ಆಗಸ್ಟ್ 7ರ ನಡುರಾತ್ರಿ ದಾಟಿದ ಮೇಲೆ, ಕಾರವಾರದ ಕಾಳಿ ನದಿಯ ಹಳೆ ಸೇತುವೆ ಮುರಿದುಬಿತ್ತು. ಇಂಥ ದಿನಗಳಲ್ಲಿ ಊರಿನ ಚರ್ಚು ಊರಿನವರದ್ದೇ.

ಆ ಭಾನುವಾರ ಪೂಜೆ ಮುಗಿದಾಗ ಹನ್ನೆರಡು ಕಾಲು. ಪಾದ್ರಿ ಒಂದು ಲೋಟ ಚಾ ಕುಡಿದು ಬೈಕ್ ಹತ್ತಿದರು. ಬೀಗ ಹಾಕುತ್ತಿದ್ದ ಬಾಯಿ ತಿರುಗಿ ಕೇಳಿದರು: “ಬರೋ ಸಲ ಎಷ್ಟೊತ್ತಿಗೆ ಫಾದರ್?”

“ಹತ್ತೂವರೆಗೆ ಬಾಯೀ.”

“ಆಯ್ತು. ನಾನು ಹತ್ತಕ್ಕೆ ಜಪಸರ ಶುರು ಮಾಡ್ತೆ. ನೀವು ನಿಧಾನ ಬನ್ನಿ.”